ಕೊಳವೆಬಾವಿಯಲ್ಲಿ ರೇಡಾನ್ ಸಿಕ್ಕಿದ್ದು

ನೀರು ಹಿಡಿಯುವಾಗ ಬಾಟಲಿಯಲ್ಲಿ ಒಂದೇ ಒಂದು ಗಾಳಿಗುಳ್ಳೆಯೂ ಉಳಿಯಬಾರದು. ಮೋಟರ್ ಹಾಕಿ, ಪೈಪಿನಲ್ಲಿ ನಿಂತಿದ್ದ ಹಳೆಯ ನೀರೆಲ್ಲ ಹರಿದುಹೋದ ಮೇಲೆ, ಬಾಟಲಿಯನ್ನು ಕಂಠಮಟ್ಟ ತುಂಬಿಸಿ ಆ ಕ್ಷಣವೇ ಮುಚ್ಚಳ ಬಿಗಿಯಬೇಕು. ಗುಳ್ಳೆ ಉಳಿದರೆ ಹುಡುಕಿಕೊಂಡು ಬಂದದ್ದು ಅದರೊಳಕ್ಕೆ ಜಾರಿಕೊಳ್ಳುತ್ತದೆ. ಹುಡುಕುತ್ತಿರುವುದು ರೇಡಾನ್ ಅನ್ನು. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಈ ವಿಕಿರಣಶೀಲ ಅನಿಲ 3.8 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಕುವೆಂಪು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಹಾಸನ ಜಿಲ್ಲೆಯ ಕುಡಿಯುವ ನೀರಿನಲ್ಲಿ ಇದನ್ನು ಅಳೆದು, 2015ರ ಹೊತ್ತಿಗೆ ಪ್ರಕಟಿಸಿದರು.

ಹಾಸನದಲ್ಲಿ ಅಣುಸ್ಥಾವರವಿಲ್ಲ. ಹಾಗಿದ್ದರೆ ರೇಡಾನ್ ಎಲ್ಲಿಂದ ಬಂತು? ಕಾಲಡಿಯ ಕಲ್ಲಿನಿಂದ. ಹೇಮಾವತಿ ಅಣೆಕಟ್ಟೆಯ ಊರಾದ ಗೊರೂರಿನ ನೈಸ್ ಶಿಲೆಗೆ ಸುಮಾರು 336 ಕೋಟಿ ವರ್ಷ ವಯಸ್ಸು ಎಂದು ಬೆಕಿನ್‌ಸೇಲ್, ಡ್ರೂರಿ ಮತ್ತು ಹೋಲ್ಟ್ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ವಯಸ್ಸು ಹೇಳಿದ್ದೂ ವಿಕಿರಣಶೀಲತೆಯೇ: ಕಲ್ಲಿನೊಳಗಿನ ರುಬಿಡಿಯಂ ನಿಧಾನವಾಗಿ ಸ್ಟ್ರಾಂಶಿಯಂ ಆಗುತ್ತಾ ಬಂದ ಲೆಕ್ಕ ಅದು. ಇಂಥ ಶಿಲೆಗಳಲ್ಲಿ ಯುರೇನಿಯಂ ಕೂಡ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುತ್ತದೆ. ಅದು ಅರ್ಧಕ್ಕಿಳಿಯಲು ಸುಮಾರು 450 ಕೋಟಿ ವರ್ಷ ಬೇಕು. ಅದರ ಸಂತಾನವಾದ ರೇಡಿಯಂಗೆ 1,600 ವರ್ಷ. ಇವೆರಡೂ ಘನವಸ್ತುಗಳು, ಬಹುಪಾಲು ಕಲ್ಲಿನಲ್ಲೇ ಇರುತ್ತವೆ. ರೇಡಿಯಂ ಒಡೆದು ರೇಡಾನ್ ಆದಾಗ ಮಾತ್ರ ಅನಿಲಕ್ಕೆ ಕಾಲು ಬಂದಂತಾಗಿ ಬಿರುಕಿಗೆ, ಬಿರುಕಿನ ನೀರಿಗೆ ಇಳಿಯುತ್ತದೆ. ಕೊಳವೆಬಾವಿ ಎಳೆದುಕೊಳ್ಳುವುದೂ ಆ ಬಿರುಕಿನ ನೀರನ್ನೇ.

ಎಲ್ಲ ಕಲ್ಲೂ ಒಂದೇ ಅಲ್ಲ. ಹೊಳೆನರಸೀಪುರದ ಕಡೆಯ ಮತ್ತು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಕಪ್ಪು ಪದರಶಿಲೆಗಳಲ್ಲಿ, ಬಳಪದ ಕಲ್ಲಿನಲ್ಲಿ ಯುರೇನಿಯಂ ತೀರಾ ಕಡಿಮೆ. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು. ಹಾಗಾಗಿ ಪಕ್ಕಪಕ್ಕದ ಎರಡು ಊರಿನ ಬೋರ್‌ವೆಲ್‌ಗಳೇ ಬೇರೆ ಬೇರೆ ಅಂಕಿ ಕೊಡಬಹುದು. ಹಾಸನದ್ದೊಂದು, ಅರಕಲಗೂಡಿನದ್ದೊಂದು ಬಾವಿ ನೋಡಿ ಇಡೀ ಜಿಲ್ಲೆಯ ಬಗ್ಗೆ ತೀರ್ಪು ಕೊಡುವುದು ತಪ್ಪು.

ರೇಡಿಯಂನಿಂದ ಹೊಮ್ಮುವ ಈ ಅನಿಲವನ್ನು ಜರ್ಮನಿಯ ಡಾರ್ನ್ 1900ರಲ್ಲೇ ಗುರುತಿಸಿದ್ದರು. ಆದರೆ ಅದರ ಹಾನಿ ಗಣಿ ಕಾರ್ಮಿಕರ ಪಾಡು ಎಂದು ಜಗತ್ತು ಬಹುಕಾಲ ಸುಮ್ಮನಿತ್ತು. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುವಿದ್ಯುತ್ ಸ್ಥಾವರದಲ್ಲಿ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ದಾಟುವಾಗ ದಿನವೂ ವಿಕಿರಣದ ಎಚ್ಚರಿಕೆ ಗಂಟೆ ಹೊಡೆಯುತ್ತಿತ್ತು. ಸ್ಥಾವರ ಇನ್ನೂ ವಿದ್ಯುತ್ ಕೊಡಲು ಶುರುಮಾಡಿರಲಿಲ್ಲ. ಒಂದು ದಿನ ಕೆಲಸಕ್ಕೆ ಒಳಬರುವಾಗಲೇ ಗಂಟೆ ಹೊಡೆಯಿತು. ವಿಕಿರಣವನ್ನು ಅವರು ತರುತ್ತಿದ್ದುದು ಮನೆಯಿಂದ! ಅಲ್ಲಿನ ಗಾಳಿಯಲ್ಲಿ ಘನಮೀಟರಿಗೆ ಸುಮಾರು 1,00,000 ಬೆಕೆರೆಲ್ (ವಿಕಿರಣಶೀಲತೆಯ ಮಾನ) ರೇಡಾನ್ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಇಂದು ಹೇಳುವ ಮಟ್ಟ 100. ನೆಲದಡಿಯ ಕಲ್ಲು ಮನೆಯೊಳಗಿನ ಉಸಿರಿಗೆ ಸೇರುತ್ತದೆ ಎಂದು ಜಗತ್ತು ನಂಬಿದ್ದು ಆಮೇಲೆ.

ಬಾಟಲಿ ಪ್ರಯೋಗಾಲಯಕ್ಕೆ ಬಂದ ಮೇಲೆ ನೀರಿನೊಳಗೆ ಗಾಳಿ ಹಾಯಿಸಿ ರೇಡಾನ್ ಅನ್ನು ಹೊರಡಿಸುತ್ತಾರೆ. ಒಳಮೈಗೆ ಸತುವಿನ ಸಲ್ಫೈಡ್ ಬಳಿದ ಪುಟ್ಟ ಡಬ್ಬಿಗೆ ಅದನ್ನು ಸೇರಿಸಿ ಮೂರು ಗಂಟೆ ಕಾಯುತ್ತಾರೆ. ಅಷ್ಟರಲ್ಲಿ ರೇಡಾನ್ ಒಡೆದು ಹುಟ್ಟುವ ಅಲ್ಪಾಯುಷಿ ಮರಿಗಳೂ ಅದಕ್ಕೆ ಸಮನಾಗಿ ಕೂಡಿಕೊಂಡಿರುತ್ತವೆ. ಇವು ಒಡೆಯುವಾಗ ಹಾರಿಬಂದು ಬಡಿಯುವ ಪ್ರತಿ ಆಲ್ಫಾ ಕಣಕ್ಕೂ ಲೇಪನದ ಮೇಲೆ ಮಿಂಚೊಂದು ಹೊಳೆಯುತ್ತದೆ. ಯಂತ್ರ ಆ ಮಿಂಚುಗಳನ್ನು ಎಣಿಸುತ್ತದೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್.

ಜನ ಬೆದರುವುದು ಈ ಅಂಕಿ ಕಂಡು. ನಿಜವಾಗಿ ಕೇಳಬೇಕಾದದ್ದು ಸೀವರ್ಟ್ ಎಷ್ಟು ಎಂದು. ಬೆಕೆರೆಲ್ ಒಡೆಯುವ ಪರಮಾಣುಗಳ ಲೆಕ್ಕ. ದೇಹಕ್ಕೆ ತಗಲುವ ಹಾನಿಯ ಲೆಕ್ಕ ಸೀವರ್ಟ್. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ, ಅದರಲ್ಲಿ ಅರ್ಧದಷ್ಟು ರೇಡಾನ್‌ನದೇ. ಹೆಚ್ಚಿನ ಪಾಲು ಕುಡಿದ ನೀರಿನಿಂದಲ್ಲ, ಉಸಿರಿನಿಂದ. ಮಿತಿಗಳಲ್ಲೂ ಒಮ್ಮತವಿಲ್ಲ: ಅಮೆರಿಕ 1999ರಲ್ಲಿ ಲೀಟರಿಗೆ ಸುಮಾರು 11 ಬೆಕೆರೆಲ್ ಎಂದು ಪ್ರಸ್ತಾಪಿಸಿತು, ಯುರೋಪ್ ಒಕ್ಕೂಟ 100 ಎನ್ನುತ್ತದೆ. 11 ದಾಟಿತೆಂದು ಬಾವಿ ಮುಚ್ಚಿಸುವುದು ದುಡುಕು. ಅಳೆಯದೆ ಬಿಡುವುದು ಅದಕ್ಕಿಂತ ದೊಡ್ಡ ಉದಾಸೀನ.

ಪರಿಹಾರ ಬಡವರ ಕೈಗೂ ಎಟಕುವಂಥದ್ದು. ನೀರನ್ನು ಮೇಲಿನಿಂದ ಸುರಿಸಿ ಗಾಳಿಯಾಡುವ ತೊಟ್ಟಿಯಲ್ಲಿ ನಿಲ್ಲಿಸಿದರೆ, ಇಲ್ಲವೇ ಕುದಿಸಿದರೆ, ರೇಡಾನ್ ಬಹುಪಾಲು ಹಾರಿಹೋಗುತ್ತದೆ. ಹಾರಿದ್ದು ಮನೆಯೊಳಗೆ ತುಂಬಿಕೊಳ್ಳದಂತೆ ಕಿಟಕಿ ತೆರೆದಿರಬೇಕು, ನೆಲದ ಬಿರುಕು ಮುಚ್ಚಿರಬೇಕು. ಗ್ರಾಮ ಪಂಚಾಯಿತಿಗಳು ಫ್ಲೋರೈಡ್, ನೈಟ್ರೇಟ್ ಪರೀಕ್ಷೆಗೆ ನೀರು ಕಳಿಸುವಾಗ ಪಟ್ಟಿಗೆ ರೇಡಾನ್ ಅನ್ನೂ ಸೇರಿಸಲಿ. ಮಾದರಿಯನ್ನು ಓವರ್‌ಹೆಡ್ ಟ್ಯಾಂಕಿನಿಂದ ಹಿಡಿದರೆ ಅಂಕಿ ಸುಳ್ಳಾಗುತ್ತದೆ, ಬಾವಿಯ ಬಾಯಲ್ಲೇ ಹಿಡಿಯಬೇಕು.