ಬೇಗ ಸಿಗುವ ಪೌರತ್ವ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಕೇಳಿದರು: "ಟೀಚರ್, ನಮ್ಮ ಅಳಿಯ ಅಮೆರಿಕದ ಪ್ರಜೆ. ಕಂಪನಿಯವರು ಅವರನ್ನ ದುಬೈಗೆ ಕಳಿಸ್ತಾರಂತೆ. ಅದಕ್ಕೆ ಮಗಳಿಗೂ ಬೇಗ ಅಮೆರಿಕದ ಪೌರತ್ವ ಸಿಗುತ್ತಂತೆ. ನಿಜವಾ?"

ನಿಜ ಅಕ್ಕ. ಪೌರತ್ವ ಅಂದರೆ ಒಂದು ದೇಶದ ಪ್ರಜೆಯಾಗುವ ಹಕ್ಕು. ಅಮೆರಿಕದ ಪ್ರಜೆಯನ್ನು ಮದುವೆಯಾದವಳು ಸಾಮಾನ್ಯವಾಗಿ 3 ವರ್ಷ ಅಲ್ಲಿ ವಾಸ ಮಾಡಬೇಕು. ಗಂಡನಿಗೆ ಹೊರದೇಶದಲ್ಲಿ ಕೆಲಸ ಬಿದ್ದರೆ ಅಷ್ಟು ಕಾಯಬೇಕಿಲ್ಲ.

ಆದರೆ ಷರತ್ತುಗಳಿವೆ.

ಗಂಡ ಅಮೆರಿಕದ ಸರ್ಕಾರದಲ್ಲೋ, ಹೊರದೇಶದ ಜೊತೆ ವ್ಯಾಪಾರ ಮಾಡುವ ಅಮೆರಿಕದ ಕಂಪನಿಯಲ್ಲೋ ಇರಬೇಕು. ಇನ್ನೂ ಕೆಲವು ಸಂಸ್ಥೆಗಳಿಗೆ ಈ ಅವಕಾಶವಿದೆ.

ಹೊರದೇಶದ ಕೆಲಸ ಕಡಿಮೆ ಅಂದರೂ 1 ವರ್ಷದ್ದಾಗಿರಬೇಕು.

ಹೆಂಡತಿಗೆ ಗ್ರೀನ್ ಕಾರ್ಡ್ ಇರಬೇಕು.

"ಗಂಡನ ಜೊತೆ ಇರುತ್ತೇನೆ, ಕೆಲಸ ಮುಗಿದ ಕೂಡಲೇ ಅಮೆರಿಕಕ್ಕೆ ಮರಳುತ್ತೇನೆ" ಎಂದು ಆಕೆ ತಿಳಿಸಬೇಕು.

ಅರ್ಜಿಯ ಹೆಸರು ಎನ್-400. ಇಂಗ್ಲಿಷನ್ನು ಓದಿ, ಬರೆದು ತೋರಿಸಬೇಕು. ಗಂಡ ಅವಳ ಪರವಾಗಿ ಓದುವಂತಿಲ್ಲ. ಪ್ರಮಾಣ ಮಾಡುವಾಗ ಅಮೆರಿಕದಲ್ಲೇ ಇರಬೇಕು.

ಇನ್ನೊಂದು ಮಾತು, ಮನಸ್ಸಿಟ್ಟು ಓದಿ. ನಮ್ಮ 1955ರ ಕಾನೂನಿನಂತೆ, ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ಇಲ್ಲಿಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಓಸಿಐ ಕಾರ್ಡ್ ಮಾಡಿಸಿದರೆ ತವರಿಗೆ ಬಂದು ಹೋಗಬಹುದು. ಆದರೆ ವೋಟು ಹಾಕುವಂತಿಲ್ಲ. ಹೊಲ ಗದ್ದೆ ಕೊಳ್ಳುವಂತಿಲ್ಲ.

ಆದ್ದರಿಂದ ಅವಸರ ಬೇಡ. ಬೆರಳು ತೋರಿಸಿದ ಕಡೆ ಸಹಿ ಹಾಕುವ ಕಾಲ ಹೋಯಿತು. ಮಗಳು ಅರ್ಜಿಯನ್ನು ತಾನೇ ಓದಲಿ, ತಿಳಿಯಲಿ, ಆಮೇಲೆ ಸಹಿ ಮಾಡಲಿ. ಪೌರತ್ವ ಅವಳದು. ತೀರ್ಮಾನವೂ ಅವಳದೇ.