ಕುದಿಯಬಾರದ ಲೋಹ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ವೀಕ್ಷಕರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಒಂದಿದೆ. "ಕಲ್ಪಾಕ್ಕಂದಾಗ ಸೋಡಿಯಂ ತುಂಬ್ಯಾರಂತ, ನೀರು ತಾಗಿದ್ರ ಉರೀತೈತಂತ. ನಮ್ಮ ಕೈಗಾದಾಗೂ ಅದ ಐತೇನ್ರಿ ಸರ್?"

ನೇರ ಉತ್ತರ ಮೊದಲು: ಇಲ್ಲ. ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿ ಇಂಧನದ ಶಾಖವನ್ನು ಹೊತ್ತು ತರೋದು ಭಾರಜಲ. ಹಾಗಂತ ಪ್ರಶ್ನೆಯನ್ನು ಇಲ್ಲಿಗೇ ಬಿಡೋ ಹಾಗಿಲ್ಲ. ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತದ ಯೋಜನೆಯಲ್ಲಿ ಕೈಗಾದಂಥ ಸ್ಥಾವರಗಳು ಮೊದಲ ಹಂತ, ಕಲ್ಪಾಕ್ಕಂನ ಸೋಡಿಯಂ ರಿಯಾಕ್ಟರ್ ಎರಡನೆಯದು. ಮೊದಲನೆಯದರ ಉರಿದ ಇಂಧನದಿಂದ ತೆಗೆದ ಪ್ಲುಟೋನಿಯಂ ಎರಡನೆಯದಕ್ಕೆ ಬೇಕು.

ಸರಿ, ನೀರು ಬಿಟ್ಟು ಲೋಹ ಯಾಕೆ? ಸೋಡಿಯಂ ನ್ಯೂಟ್ರಾನ್‌ಗಳ ವೇಗವನ್ನು ನೀರಿನಷ್ಟು ತಗ್ಗಿಸಲ್ಲ. ಈ ರಿಯಾಕ್ಟರ್‌ಗೆ ಬೇಕಾಗಿರೋದೂ ಅದೇ. ಎರಡನೆಯ ಕಾರಣ ಶಾಖ. ನೀರು 100 ಡಿಗ್ರಿಗೆ ಕುದಿಯುತ್ತೆ. ಕೈಗಾದಲ್ಲಿ ಭಾರಜಲ ಸುಮಾರು 290 ಡಿಗ್ರಿ ಮುಟ್ಟುತ್ತೆ. ಅಲ್ಲಿಯವರೆಗೆ ಕುದಿಯದೆ ಇರಲಿ ಅಂತ ವಾತಾವರಣದ 80 ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ ಅದುಮಿ ಇಡಬೇಕು. ಸೋಡಿಯಂ 98 ಡಿಗ್ರಿಗೆ ಕರಗಿ, 883 ಡಿಗ್ರಿವರೆಗೆ ಒತ್ತಡವಿಲ್ಲದೆ ದ್ರವವಾಗಿಯೇ ಇರುತ್ತೆ. ಶಾಖ ದಾಟಿಸೋದರಲ್ಲಿ ನೀರಿಗಿಂತ ಸುಮಾರು ನೂರು ಪಟ್ಟು ಚುರುಕು.

ಇದರ ಲಾಭ ಕಾಳಿ ನದಿ ದಂಡೆಯವರಿಗೆ ಬೇಗ ಅರ್ಥವಾಗುತ್ತೆ. ಕೈಗಾದಲ್ಲಿ ಹುಟ್ಟೋ 100 ಪಾಲು ಶಾಖದಲ್ಲಿ ಸುಮಾರು 29 ಪಾಲು ವಿದ್ಯುತ್ ಆಗುತ್ತೆ. ಉಳಿದದ್ದರಲ್ಲಿ ಬಹುಪಾಲು ಕದ್ರಾ ಜಲಾಶಯದ ನೀರಿಗೆ ಹೋಗುತ್ತೆ. ಕಲ್ಪಾಕ್ಕಂನ 500 ಮೆಗಾವ್ಯಾಟ್ ರಿಯಾಕ್ಟರ್‌ನ ವಿನ್ಯಾಸದಲ್ಲಿ ಸೋಡಿಯಂ 547 ಡಿಗ್ರಿ ಮುಟ್ಟುತ್ತೆ, 40 ಪಾಲು ವಿದ್ಯುತ್ ಆಗುತ್ತೆ. ಹೆಚ್ಚು ಬಿಸಿ ಅಂದ್ರೆ ಕಡಿಮೆ ವ್ಯರ್ಥ.

ಈಗ ಕಷ್ಟದ ಮಾತು. ಸೋಡಿಯಂ ಕುದಿದರೆ? ಪಾತ್ರೆಯಲ್ಲಿ ನೀರು ಕುದಿಯುವಾಗ ತಳದ ಸಣ್ಣ ಗೀರುಗಳಲ್ಲಿ ಕೂತ ಗಾಳಿಯಿಂದ ಗುಳ್ಳೆ ಏಳುತ್ತೆ. ಬಿಸಿ ಸೋಡಿಯಂ ಉಕ್ಕಿಗೆ ಎಷ್ಟು ಚೆನ್ನಾಗಿ ಅಂಟುತ್ತೆ ಅಂದ್ರೆ ಆ ಗೀರುಗಳನ್ನೂ ತುಂಬಿಬಿಡುತ್ತೆ. ಗುಳ್ಳೆಗೆ ಬೀಜವೇ ಇರಲ್ಲ. ಹಾಗಾಗಿ ಕುದಿಬಿಂದು ದಾಟಿದರೂ ಕೆಲವೊಮ್ಮೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಸಿಡಿಯುತ್ತೆ. ನಯವಾದ ಲೋಟದಲ್ಲಿ ಮೈಕ್ರೊವೇವ್‌ನಲ್ಲಿ ಕಾಯಿಸಿದ ನೀರು ಟೀ ಪುಡಿ ಬಿದ್ದ ತಕ್ಷಣ ಉಕ್ಕೋದನ್ನ ನೋಡಿದ್ದೀರಾ? ಅದೇ ಥರ. ಆವಿಯಾದ ಸೋಡಿಯಂ ಎರಡು ಸಾವಿರ ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ, ದ್ರವವನ್ನು ಹೊರದಬ್ಬುತ್ತೆ. ಇಂಧನದ ಕಡ್ಡಿ ಒಣಗಿ ಕರಗಬಹುದು. ದೊಡ್ಡ ರಿಯಾಕ್ಟರ್‌ನ ನಡುಭಾಗದಲ್ಲಿ ಹೀಗಾದರೆ ಪರಮಾಣು ಕ್ರಿಯೆ ತಗ್ಗೋ ಬದಲು ಏರಲೂಬಹುದು.

ಅದಕ್ಕೇ ಎಂಜಿನಿಯರ್‌ಗಳು ಕಾಯೋದು 547ಕ್ಕೂ 883ಕ್ಕೂ ನಡುವಿನ 336 ಡಿಗ್ರಿಯನ್ನು. ಶಾಖ ವಿನಿಮಯಕದಲ್ಲಿ ಇನ್ನೊಂದು ಕಾವಲು: ರಿಯಾಕ್ಟರ್‌ನ ಸೋಡಿಯಂ ನೇರವಾಗಿ ನೀರಿನ ಹತ್ತಿರ ಬರಲ್ಲ. ನಡುವೆ ಎರಡನೇ ಸುತ್ತಿನ ಸೋಡಿಯಂ ಇರುತ್ತೆ. ಅದು ಉಕ್ಕಿನ ಕೊಳವೆಯ ಗೋಡೆ ದಾಟಿಸಿ ನೀರಿಗೆ ಶಾಖ ಕೊಡುತ್ತೆ. ಕೊಳವೆ ಬಿರುಕು ಬಿಟ್ಟರೆ ಹೈಡ್ರೋಜನ್ ಹುಟ್ಟುತ್ತೆ, ಅದನ್ನು ಹಿಡಿಯೋ ಉಪಕರಣಗಳಿರುತ್ತವೆ.

ಜಪಾನಿನ ಮೊಂಜು ರಿಯಾಕ್ಟರ್‌ನಲ್ಲಿ 1995ರ ಡಿಸೆಂಬರ್‌ನಲ್ಲಿ ಈ ಎರಡನೇ ಸುತ್ತಿನ ಸೋಡಿಯಂ ಸೋರಿ ಬೆಂಕಿ ಹತ್ತಿತು. ವಿಕಿರಣ ಹೊರಬೀಳಲಿಲ್ಲ. ಆದರೆ ನಡೆಸುತ್ತಿದ್ದವರು ಹಾನಿಯ ವಿಡಿಯೋವನ್ನು ಕತ್ತರಿಸಿ ತೋರಿಸಿದರು. ಅದು ಬಯಲಾಯ್ತು, ಜನರ ನಂಬಿಕೆ ಹೋಯ್ತು. 2016ರಲ್ಲಿ ರಿಯಾಕ್ಟರನ್ನೇ ಮುಚ್ಚೋ ತೀರ್ಮಾನವಾಯ್ತು. ವಿಡಿಯೋ ಕತ್ತರಿಸೋ ಜಾಗದಲ್ಲೇ ಕೆಲಸ ಮಾಡೋ ನನಗೆ ಈ ಪಾಠ ಚೆನ್ನಾಗಿ ನಾಟಿದೆ.

ಒಮ್ಮೆ ನಾನೇ ಒಂದು ಚರ್ಚೆಗೆ 'ಕೈಗಾ: ಸೇಫಾ? ಡೇಂಜರಾ?' ಅಂತ ಶೀರ್ಷಿಕೆ ಕೊಟ್ಟಿದ್ದೆ. ಎಂಜಿನಿಯರಿಂಗ್ ಓದಿದವನು ಕೇಳೋ ಪ್ರಶ್ನೆ ಅಲ್ಲ ಅದು. ಕೇಳಬೇಕಾದ್ದು ಇಷ್ಟು: ಅಪಾಯಕ್ಕೂ ನಮಗೂ ನಡುವೆ ಎಷ್ಟು ಡಿಗ್ರಿ ಅಂತರ ಇದೆ? ಅದನ್ನ ಅಳೆಯೋರು ಯಾರು? ಅಳೆದದ್ದನ್ನ ನಮಗೆ ಹೇಳ್ತಾರಾ? ಕಲ್ಪಾಕ್ಕಂನ ಸೋಡಿಯಂಗೂ ಇದೇ ಪ್ರಶ್ನೆ, ಕದ್ರಾದ ನೀರಿಗೂ ಇದೇ. ಕಾಳಿ ಹುಟ್ಟೋದು ಜೋಯಿಡಾದ ಕಾಡಲ್ಲಿ. ಅದರ ಬಿಸಿ ಎಷ್ಟು ಅಂತ ಕೇಳೋ ಹಕ್ಕು ಅಲ್ಲಿನವರಿಗೆ ಇದ್ದೇ ಇದೆ.