ಗಿನಿಪಿಗ್ಗುಗಳ ಸಂಸಾರ

ಮಕ್ಕಳಿರುವ ಮನೆಯಲ್ಲಿ ಪ್ರಾಣಿಯೊಂದನ್ನು ಸಾಕಬೇಕೆಂಬ ಮಾತು ಒಂದಲ್ಲ ಒಂದು ದಿನ ಹುಟ್ಟಿಯೇ ಹುಟ್ಟುತ್ತದೆ. ನಾಯಿ ಬೇಡ, ಬೊಗಳಿ ನೆರೆಯವರ ನಿದ್ದೆ ಕೆಡಿಸುತ್ತದೆ. ಬೆಕ್ಕು ಬೇಡ, ಹಾಲಿನ ಪಾತ್ರೆಗೆ ಬಾಯಿ ಹಾಕುತ್ತದೆ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದಕ್ಕೆ ಕಾಯಿದೆಯ ಅಡ್ಡಿಯುಂಟು. ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ಹೋದಮೇಲೆ ಕಡೆಗೆ ಉಳಿಯುವುದು, ಅಂಗಡಿಯ ಪಂಜರದ ಮೂಲೆಯಲ್ಲಿ ಮುದ್ದೆಯಾಗಿ ಕುಳಿತ ಗಿನಿಪಿಗ್. ಅದಕ್ಕೆ ಬಾಲವಿಲ್ಲ, ಸುಮ್ಮಸುಮ್ಮನೆ ಕಚ್ಚುವ ಸ್ವಭಾವವಿಲ್ಲ. ಹುಲ್ಲು ಸೊಪ್ಪು ತಿಂದುಕೊಂಡು ತನ್ನಷ್ಟಕ್ಕೆ ತಾನಿರುತ್ತದೆ. ಇದಕ್ಕಿಂತ ಸುಲಭವಾದ ಪ್ರಾಣಿ ಮತ್ತೊಂದಿಲ್ಲವೆಂದು ನಾವೂ ಎಣಿಸಿದ್ದೆವು. ಆ ಎಣಿಕೆ ಎಷ್ಟು ತಪ್ಪೆಂಬುದನ್ನೂ, ಆ ತಪ್ಪನ್ನು ತಿದ್ದಿಕೊಂಡ ಬಗೆಯನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೆಸರಿನಲ್ಲಿ ಹಂದಿಯಿದ್ದರೂ ಇದು ಹಂದಿಯಲ್ಲ. ಗಿನಿಯೆಂಬ ದೇಶದ್ದೂ ಅಲ್ಲ. ಇಲಿ, ಅಳಿಲುಗಳಂತೆ ದಂಶಕಗಳ ವರ್ಗಕ್ಕೆ ಸೇರಿದ ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನರು ಇದನ್ನು ಸಾವಿರಾರು ವರ್ಷಗಳಿಂದ ಆಹಾರಕ್ಕಾಗಿ ಸಾಕುತ್ತ ಬಂದಿದ್ದಾರೆ. ಪೆರು, ಬೊಲಿವಿಯ ದೇಶಗಳ ಹಳ್ಳಿಗಳಲ್ಲಿ ಇಂದಿಗೂ ಇವು ಅಡಿಗೆಮನೆಯ ನೆಲದಮೇಲೆ ಗುಂಪುಗುಂಪಾಗಿ ಓಡಾಡಿಕೊಂಡಿರುವುದುಂಟು. ೧೬ನೆಯ ಶತಮಾನದಲ್ಲಿ ಹಡಗುಗಳ ಮೂಲಕ ಯೂರೋಪಿಗೆ ಹೋದ ತರುವಾಯ ಇದು ಮುದ್ದಿನ ಪ್ರಾಣಿಯಾಯಿತು. ಇದರ ಕಾಡುಬಳಗವು ಹುಲ್ಲುಗಾವಲುಗಳಲ್ಲಿ ಸಣ್ಣ ಗುಂಪುಗಳಾಗಿ ಬಾಳುತ್ತದೆ. ಆಕಾಶದಿಂದೆರಗುವ ಹದ್ದಿಗೂ ನೆಲದ ನರಿಗೂ ತುತ್ತಾಗುತ್ತದೆ. ಹಾಗಾಗಿ ಇದು ಹೆದರಿಕೆಯ ಪ್ರಾಣಿ. ಗುಂಪಿನಲ್ಲಿದ್ದರೆ ಮಾತ್ರ ಧೈರ್ಯ ತಾಳುವ ಪ್ರಾಣಿ. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ನಾವು ಇವೆರಡನ್ನೂ ಅರಿಯದೆ ಹೋದುದೇ ತೊಂದರೆಗೆ ಮೂಲವಾಯಿತು.

ನಮ್ಮ ಮನೆಗೆ ಮೊದಲು ಬಂದದ್ದು ಚುಕ್ಕಿ. ಬಿಳಿಯ ಮೈ, ಹಣೆಯಲ್ಲೊಂದು ಕಂದು ಬೊಟ್ಟು. ಮನೆಯ ಹುಡುಗಿಗೆ ಆಗ ಹತ್ತು ವರ್ಷ. ಅದನ್ನು ತಂದ ದಿನವೇ ಬೀದಿಯ ಗೆಳತಿಯರೆಲ್ಲ ನೆರೆದು ಕೈಯಿಂದ ಕೈಗೆ ದಾಟಿಸಿದರು. ಚುಕ್ಕಿ ಕಲ್ಲಿನ ಗೊಂಬೆಯಂತೆ ಅಲುಗಾಡದೆ ಕುಳಿತಿತ್ತು. “ಎಷ್ಟು ಸಾಧು ನೋಡಿ!” ಎಂದು ನಾವು ಮೆಚ್ಚಿಕೊಂಡೆವು. ಅದು ಸಾಧುತನವಲ್ಲ, ಭಯವೆಂಬುದು ಆಮೇಲೆ ತಿಳಿಯಿತು. ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಈ ಪ್ರಾಣಿ ಮರಗಟ್ಟಿದಂತೆ ನಿಂತುಬಿಡುತ್ತದೆ. ಎರಡು ದಿನ ಅದು ಮೂಲೆ ಬಿಟ್ಟು ಬರಲಿಲ್ಲ. ಇಟ್ಟ ಸೊಪ್ಪು ಬಾಡಿತು. “ದುಡ್ಡು ಕೊಟ್ಟು ಇಲಿ ತಂದಿರಲ್ಲಪ್ಪ!” ಎಂದು ಮೊದಲೇ ಮೂಗು ಮುರಿದಿದ್ದ ಅಜ್ಜಿಯವರಿಗೂ ಅದನ್ನು ನೋಡಿ ಮರುಕವಾಯಿತು.

ಪಶುವೈದ್ಯರಲ್ಲಿಗೆ ಓಡಿದೆವು. ಗಿನಿಪಿಗ್ಗಿನ ಕರುಳು ಸದಾ ನಡೆಯುತ್ತಿರಬೇಕು. ಒಂದು ದಿನ ಪೂರ್ತಿ ಮೇವು ಮುಟ್ಟದಿದ್ದರೂ ಅದು ಪ್ರಾಣಕ್ಕೆ ಬರುವ ಮಾತು, ಎರಡು ದಿನ ಕಾಯಲೇಬಾರದಾಗಿತ್ತೆಂದು ಅವರು ನಮ್ಮನ್ನು ಗದರಿದರು. ಪುಣ್ಯವಶಾತ್ ಕಾಲ ಮೀರಿರಲಿಲ್ಲ. ಅವರು ಹೇಳಿದ ಉಪಚಾರವು ಬಹು ಸರಳ. ಗೂಡನ್ನು ಬಿಸಿಲು ಬೀಳದ, ಟೆಲಿವಿಷನ್ನಿನ ಗದ್ದಲವಿಲ್ಲದ ಮೂಲೆಯಲ್ಲಿಡತಕ್ಕದ್ದು. ಒಳಗೆ ಅವಿತುಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಬೇಕು. ಅದಕ್ಕೆ ಎರಡು ಬಾಗಿಲಿರಬೇಕು. ಕೆಲವು ದಿನ ಯಾರೂ ಅದನ್ನು ಎತ್ತಕೂಡದು. ಹುಡುಗಿ ಗೂಡಿನ ಪಕ್ಕದಲ್ಲಿ ನೆಲದಮೇಲೆ ಕುಳಿತು ತನ್ನ ಪಾಠವನ್ನು ಮೆಲ್ಲನೆ ಓದಿಕೊಳ್ಳಲಿ, ದನಿ ಪರಿಚಯವಾಗುತ್ತದೆ. ಆಮೇಲೆ ಕೊತ್ತಂಬರಿಯ ಒಂದೆಸಳನ್ನು ಕೈಯಲ್ಲಿ ಹಿಡಿದು ಕಾಯಲಿ. ಅದು ತಾನಾಗಿ ಬಂದು ಕಚ್ಚಿಕೊಂಡು ಹೋದ ದಿನ ಅರ್ಧ ಕೆಲಸ ಮುಗಿಯಿತೆಂದು ತಿಳಿಯಬಹುದು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಮತ್ತೊಂದು ಹಿಂಭಾಗದ ಕೆಳಗೆ ಇರಬೇಕು. ಮಕ್ಕಳು ನೆಲದಮೇಲೆ ಕುಳಿತೇ ಎತ್ತಿಕೊಳ್ಳಬೇಕು, ಏಕೆಂದರೆ ಸ್ವಲ್ಪ ಎತ್ತರದಿಂದ ಬಿದ್ದರೂ ಇದರ ಎಲುಬು ಮುರಿಯಬಹುದು.

ಆಹಾರದ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇದರ ಹಲ್ಲುಗಳು ಬಾಳೆಲ್ಲ ಬೆಳೆಯುತ್ತಲೇ ಇರುತ್ತವೆ. ಅವು ಸವೆಯಬೇಕಾದರೆ ಹಗಲೂ ರಾತ್ರಿಯೂ ಒಣಹುಲ್ಲು ಮುಂದಿರಬೇಕು. ಕುದುರೆ ಮಸಾಲೆ ಸೊಪ್ಪು ಮರಿಗಳಿಗೂ ಬಸುರಿಗೂ ಸರಿಯೇ ಹೊರತು, ಬೆಳೆದ ಪ್ರಾಣಿಗೆ ಅದರಲ್ಲಿರುವ ಸುಣ್ಣದಂಶ ಹೆಚ್ಚಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳನ್ನು ಕೊಡಲೇಬಾರದು. ಮನುಷ್ಯನಂತೆ ಇದಕ್ಕೂ ‘ಸಿ’ ಜೀವಸತ್ವವನ್ನು ತನ್ನ ಮೈಯಲ್ಲಿ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ೧೯೦೭ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಇಬ್ಬರು ವಿಜ್ಞಾನಿಗಳು, ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವು ಬರಿಯ ಧಾನ್ಯವನ್ನು ತಿಂದ ಗಿನಿಪಿಗ್ಗಿಗೂ ಬರುವುದನ್ನು ತೋರಿಸಿಕೊಟ್ಟರು. ಆ ಜೀವಸತ್ವದ ಶೋಧಕ್ಕೆ ದಾರಿಯಾದದ್ದು ಈ ಪುಟ್ಟ ಪ್ರಾಣಿಯೇ. ನಮ್ಮ ಮನೆಯಲ್ಲಿ ದಿನಕ್ಕೊಂದು ತುಂಡು ದಪ್ಪ ಮೆಣಸಿನಕಾಯಿ ಕೊಟ್ಟು ಆ ಋಣವನ್ನು ತೀರಿಸುತ್ತಿದ್ದೇವೆ.

ಚುಕ್ಕಿ ಚೇತರಿಸಿಕೊಂಡಿತು. ಆದರೂ ಅದರಲ್ಲಿ ಏನೋ ಒಂದು ಕೊರತೆ. ಹುಡುಗಿ ಶಾಲೆಗೆ ಹೋದಮೇಲೆ ದಿನವೆಲ್ಲ ಗೋಡೆಗೆ ಮುಖಮಾಡಿ ಕುಳಿತಿರುತ್ತಿತ್ತು. ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವುದು ನ್ಯಾಯವಲ್ಲವೆಂದು ವೈದ್ಯರು ಮೊದಲೇ ಸೂಚಿಸಿದ್ದರು. ಸ್ವಿಟ್ಸರ್ಲೆಂಡಿನಲ್ಲಿ ೨೦೦೮ರಿಂದೀಚೆಗೆ ಇದು ಕಾಯಿದೆಯ ಮಾತೇ ಆಗಿದೆ. ಅಲ್ಲಿ ಇಂತಹ ಪ್ರಾಣಿಗೆ ಜೊತೆಯಿಲ್ಲದಂತೆ ಸಾಕುವುದು ನಿಷಿದ್ಧ. ಸರಿ, ಅಂಗಡಿಯೊಂದರಿಂದ ಬೂದಿಯನ್ನು ತಂದೆವು. ಹೆಣ್ಣೆಂದು ಅಂಗಡಿಯವರು ಹೇಳಿದರು, ನಾವು ನಂಬಿದೆವು. ಒಬ್ಬಂಟಿಗೆ ಸಂಗಾತಿ ಸಿಕ್ಕಿತೆಂಬ ಸಂಭ್ರಮದಲ್ಲಿ ಆ ಸಂಜೆಯೇ ಅದನ್ನು ಚುಕ್ಕಿಯ ಗೂಡಿಗೆ ಬಿಟ್ಟೆವು.

ಕ್ಷಣಮಾತ್ರದಲ್ಲಿ ಹಲ್ಲು ಕಟಕಟಿಸುವ ಸದ್ದು; ಮರುಕ್ಷಣ ಎರಡೂ ಒಂದೇ ಉಂಡೆಯಾಗಿ ಹೊರಳಾಡಿದವು. ಬಿಡಿಸಹೋದ ಹುಡುಗಿಯ ಬೆರಳಿಗೆ ಕಚ್ಚು ಬಿತ್ತು. ಬೂದಿಯ ಕಿವಿ ಹರಿದು ರಕ್ತ ಸುರಿಯಿತು. ಬೆರಳನ್ನು ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ತೋರಿಸಿಕೊಂಡು ಬಂದೆವು. “ನಾಳೆ ಬೆಳಗಾಗುತ್ತಲೇ ಎರಡರಲ್ಲಿ ಒಂದನ್ನು ಹಿಂದಕ್ಕೆ ಕೊಟ್ಟುಬನ್ನಿ” ಎಂದು ಅಜ್ಜಿಯವರ ಅಪ್ಪಣೆಯಾಯಿತು. ಹುಡುಗಿ ಕಟ್ಟಿದ ಬೆರಳನ್ನು ಮರೆತು ಬೂದಿಗಾಗಿ ಅತ್ತಳು. ತಪ್ಪು ಪ್ರಾಣಿಗಳದಲ್ಲ, ನಮ್ಮದೆಂದು ಒಳಗೊಳಗೇ ನಮಗೆ ಅನ್ನಿಸಿತು. ಹಿಂದಕ್ಕೆ ಕೊಡುವ ಮುನ್ನ ಒಂದು ತಿಂಗಳು ಅವಕಾಶ ಕೊಡಿರೆಂದು ಅಜ್ಜಿಯವರನ್ನು ಬೇಡಿಕೊಂಡೆವು.

ನಮ್ಮ ಮೊದಲನೆಯ ತಪ್ಪು, ಗಂಡೋ ಹೆಣ್ಣೋ ಎಂಬುದನ್ನು ವೈದ್ಯರಿಂದ ನಿಶ್ಚಯಿಸಿಕೊಳ್ಳದೆ ಇದ್ದದ್ದು. ಅಂಗಡಿಯವರ ಮಾತು ನಿಜವಾದದ್ದು ನಮ್ಮ ಅದೃಷ್ಟ. ಹೆಣ್ಣುಮರಿ ಹುಟ್ಟಿದ ನಾಲ್ಕಾರು ವಾರಗಳಲ್ಲಿಯೇ ಬಸುರಾಗಬಲ್ಲದು. ಸುಮಾರು ೬೫ ದಿನಗಳಲ್ಲಿ ಮರಿ ಹಾಕುತ್ತದೆ. ಸುಮಾರು ಏಳು ತಿಂಗಳು ದಾಟಿದ ಹೆಣ್ಣಿಗೆ ಅದು ಚೊಚ್ಚಲ ಬಸುರಾದರೆ ಹೆರಿಗೆ ಕಷ್ಟವಾಗಿ ಪ್ರಾಣಾಪಾಯವುಂಟು. ಎರಡು ಹೆಣ್ಣುಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಎರಡು ಗಂಡುಗಳೂ ವಿಶಾಲವಾದ ಜಾಗವಿದ್ದು, ಹತ್ತಿರದಲ್ಲಿ ಹೆಣ್ಣಿಲ್ಲದಿದ್ದರೆ ಹೊಂದಿಕೊಳ್ಳಬಲ್ಲವು, ಮೂರಾದರೆ ಕಷ್ಟ. ಗಂಡನ್ನೂ ಹೆಣ್ಣನ್ನೂ ಕೂಡಿಸಬೇಕಾದರೆ ಗಂಡಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿ, ಆರು ವಾರ ಕಾಯಬೇಕು. ಮೊಲವನ್ನು ಜೊತೆಗೆ ಬಿಡುವ ವಾಡಿಕೆ ಸರಿಯಲ್ಲ. ಮೊಲದ ಒದೆತ ಅಪಾಯಕರ, ಅದಕ್ಕೆ ಬಾಧೆ ಕೊಡದ ಕೆಲವು ರೋಗಾಣುಗಳು ಇದಕ್ಕೆ ಮಾರಕ.

ಎರಡನೆಯ ತಪ್ಪು ಆತುರ. ಹೊಸದಾಗಿ ಬಂದದ್ದನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿಟ್ಟು, ಕೆಮ್ಮು, ಸೀನು, ಕಜ್ಜಿಗಳಿವೆಯೇ ಎಂದು ನೋಡಬೇಕಿತ್ತು. ಈಗ ಹಾಗೆಯೇ ಮಾಡಿದೆವು. ಬೂದಿಯ ಕಿವಿಗೆ ವೈದ್ಯರು ಔಷಧ ಕೊಟ್ಟರು. ಇಲ್ಲೊಂದು ಎಚ್ಚರಿಕೆ: ಮನೆಯಲ್ಲಿ ಉಳಿದ ಮಾತ್ರೆಗಳನ್ನು ಇದಕ್ಕೆ ಎಂದೂ ಕೊಡಬೇಡಿ. ನಮ್ಮನ್ನು ಬದುಕಿಸುವ ಪೆನಿಸಿಲಿನ್ ಜಾತಿಯ ಔಷಧವು ಬಾಯಿಯ ಮೂಲಕ ಹೋದರೆ ಗಿನಿಪಿಗ್ಗನ್ನು ಕೊಲ್ಲಬಲ್ಲದು. ಗಾಯ ಮಾಯ್ದ ಮೇಲೆ ಎರಡು ಗೂಡುಗಳನ್ನು ನಡುವೆ ಜಾಲರಿಯಿಟ್ಟು ಪಕ್ಕಪಕ್ಕದಲ್ಲಿರಿಸಿ, ಹಾಸಿದ ಬಟ್ಟೆಗಳನ್ನು ಅದಲುಬದಲು ಮಾಡುತ್ತ ಬಂದೆವು. ಮುಖಕ್ಕಿಂತ ಮೊದಲು ವಾಸನೆಯ ಪರಿಚಯವಾಗಲೆಂಬುದು ಇದರ ಉದ್ದೇಶ.

ಮೂರನೆಯ ತಪ್ಪು ಸ್ಥಳದ್ದು. ಚುಕ್ಕಿಯ ಗೂಡು ಚುಕ್ಕಿಯ ರಾಜ್ಯ. ಅಲ್ಲಿಗೆ ಬಂದವಳು ಅದರ ಕಣ್ಣಿಗೆ ದಾಳಿಗಾರಳು. ಆದುದರಿಂದ ಭೇಟಿಯು ಇಬ್ಬರಿಗೂ ಸೇರದ ನೆಲದಲ್ಲಾಗಬೇಕು. ಒಂದು ಭಾನುವಾರ ಬೆಳಿಗ್ಗೆ ನಡುಮನೆಯ ನೆಲದಮೇಲೆ ಹಳೆಯ ಜಮಖಾನ ಹಾಸಿ, ಮಧ್ಯೆ ಒಣಹುಲ್ಲಿನ ದೊಡ್ಡ ರಾಶಿಯನ್ನೂ ಸೊಪ್ಪನ್ನೂ ಹರಡಿ, ಎರಡು ಬಾಗಿಲಿನ ಪೆಟ್ಟಿಗೆಗಳನ್ನು ಇರಿಸಿದೆವು. ಕೈಗೆ ಸಿಗುವಂತೆ ದಪ್ಪ ಟವೆಲ್ ಒಂದನ್ನು ಇಟ್ಟುಕೊಂಡೆವು. ಬರಿಗೈಯಿಂದ ಬಿಡಿಸುವ ಪಾಠವನ್ನು ಆಗಲೇ ಕಲಿತಿದ್ದೆವಲ್ಲ!

ಆ ಬೆಳಗಿನ ಎರಡು ಗಂಟೆಗಳು ಪ್ರಾಣಿಗಳಿಗಿಂತ ನಮಗೇ ಕಠಿಣವಾದವು. ಚುಕ್ಕಿ ಸೊಂಟವನ್ನೊಲೆಯುತ್ತ ಗುರುಗುಟ್ಟಿಕೊಂಡು ಬೂದಿಯ ಸುತ್ತ ಸುತ್ತಿತು, ಅಟ್ಟಿಸಿಕೊಂಡು ಹೋಯಿತು, ಮೇಲೇರಿತು, ಮೂಗನ್ನು ಮೇಲೆತ್ತಿ ನಿಂತಿತು. ಒಂದೊಂದು ಸಲವೂ ಹುಡುಗಿ ಬಿಡಿಸಲು ಏಳುವಳು. ಆದರೆ ಇವೆಲ್ಲ ಯಾರು ದೊಡ್ಡವರು, ಯಾರು ಚಿಕ್ಕವರೆಂಬುದನ್ನು ತೀರ್ಮಾನಿಸಿಕೊಳ್ಳುವ ಅವುಗಳ ಕ್ರಮ. ನಡುವೆ ಬಿಡಿಸಿದರೆ ತೀರ್ಮಾನ ನಿಂತುಹೋಗಿ, ಮರುದಿನ ಮೊದಲಿಂದ ಆರಂಭವಾಗುತ್ತದೆ. ರಕ್ತ ಕಂಡರೆ, ಅಥವಾ ಎರಡೂ ಕಚ್ಚಿಕೊಂಡು ಉಂಡೆಯಾದರೆ ಮಾತ್ರ ಟವೆಲ್ಲು ಹಾಕಿ ಬೇರ್ಪಡಿಸಬೇಕು. ಈ ಮಾತನ್ನು ಹುಡುಗಿಗೆ ಒಪ್ಪಿಸಿದವರು ನಾವಲ್ಲ, ಅಜ್ಜಿಯವರು. ಮೂವರು ಓರಗಿತ್ತಿಯರೊಡನೆ ಒಂದೇ ಅಡಿಗೆಮನೆಯಲ್ಲಿ ಬಾಳಿದವರು ಅವರು. ಹುಡುಗಿಯ ಕೈ ಹಿಡಿದು ಕೂರಿಸಿಕೊಂಡು, “ಸುಮ್ಮನಿರೇ ಮಗು. ನಡುವೆ ಮೂರನೆಯವರು ಬಾಯಿ ಹಾಕಿದರೇನೇ ಜಗಳ ಬೆಳೆಯೋದು. ಅವಕ್ಕೆ ಒಂದೊಂದು ಒಲೆ ಬೇರೆ ಮಾಡಿಕೊಡಿ, ಅರ್ಧ ಜಗಳ ತಾನೇ ನಿಲ್ಲುತ್ತೆ” ಎಂದರು.

ವೈದ್ಯರು ಹೇಳಿದ್ದೂ ಇದೇ. ಒಟ್ಟಿಗೆ ಬಾಳುವ ಗೂಡಿನಲ್ಲಿ ನೀರಿನ ಸೀಸೆ ಎರಡು, ಬಟ್ಟಲು ಎರಡು, ಹುಲ್ಲಿನ ರಾಶಿ ಎರಡು, ಪೆಟ್ಟಿಗೆ ಎರಡು ಇರಬೇಕು. ಪೆಟ್ಟಿಗೆಗೆ ಒಂದೇ ಬಾಗಿಲಿದ್ದರೆ ಬಲವಾದದ್ದು ಬಾಗಿಲಲ್ಲಿ ಕುಳಿತು ಮತ್ತೊಂದನ್ನು ಸೆರೆಯಲ್ಲಿಡುತ್ತದೆ. ಜೋಡಿಗೆ ಕಡಿಮೆಯೆಂದರೂ ಏಳೂವರೆ ಚದರಡಿ ನೆಲ ಬೇಕು. ಅಂಗಡಿಗಳಲ್ಲಿ ಮಾರುವ ಅನೇಕ ಪಂಜರಗಳು ಇದರ ಅರ್ಧದಷ್ಟೂ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡೂ ಹುಲ್ಲಿನ ರಾಶಿಯ ಎರಡು ಕಡೆ ಕುಳಿತು ಮೇಯತೊಡಗಿದವು. ಚೆನ್ನಾಗಿ ತೊಳೆದು, ಒಳಗಿನ ಸಾಮಾನುಗಳ ಜಾಗ ಬದಲಿಸಿದ್ದ ದೊಡ್ಡ ಗೂಡಿಗೆ ಒಟ್ಟಿಗೆ ಬಿಟ್ಟೆವು. ರಾತ್ರಿ ಬೇರ್ಪಡಿಸಲಿಲ್ಲ, ನಿದ್ದೆ ಮಾಡಿದವರು ಮಾತ್ರ ಮನೆಯಲ್ಲಿ ಯಾರೂ ಇಲ್ಲ.

ಅಂದೇ ಸ್ನೇಹವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹದಿನೈದು ದಿನ ಗುರುಗುಟ್ಟುವಿಕೆಯೂ ಅಟ್ಟುವಿಕೆಯೂ ಇದ್ದೇ ಇದ್ದವು. ಬೂದಿಯ ತೂಕ ಇಳಿಯದಂತೆ ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೆವು. ಬಿಸಿಲುಗಾಲ ಬಂದಾಗ ಮತ್ತೊಂದು ಪರೀಕ್ಷೆ. ೨೭ ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಪ್ರಾಣಿಗೆ ತಾಳುವುದು ಕಷ್ಟ. ನೀರು ಹೆಪ್ಪುಗಟ್ಟಿಸಿದ ಸೀಸೆಗೆ ಬಟ್ಟೆ ಸುತ್ತಿ ಗೂಡಿನಲ್ಲಿಟ್ಟೆವು. ಒಂದು ಮಧ್ಯಾಹ್ನ ಹುಡುಗಿ ಪಿಸುದನಿಯಲ್ಲಿ ನಮ್ಮೆಲ್ಲರನ್ನೂ ಕರೆದಳು. ಆ ಒಂದೇ ಸೀಸೆಗೆ ಒರಗಿ ಚುಕ್ಕಿಯೂ ಬೂದಿಯೂ ಮೈಗೆ ಮೈ ತಾಗಿಸಿ ಮಲಗಿದ್ದವು.

ಎಷ್ಟು ಮಾಡಿದರೂ ಒಗ್ಗದ ಜೋಡಿಗಳೂ ಉಂಟು. ಅಂತಹವನ್ನು ನಡುವೆ ಜಾಲರಿಯಿಟ್ಟು ಪಕ್ಕಪಕ್ಕದಲ್ಲಿ ಸಾಕಿದರೆ ತಪ್ಪೇನಿಲ್ಲ. ದನಿಯೂ ವಾಸನೆಯೂ ಜೊತೆಗಿದ್ದರೆ ಒಂಟಿತನದ ಭಾರ ಎಷ್ಟೋ ಹಗುರ. ಇವುಗಳ ಆಯುಷ್ಯ ಐದರಿಂದ ಎಂಟು ವರ್ಷ. ಹತ್ತು ವರ್ಷದ ಮಗುವಿಗೆ ಇಂದು ತಂದುಕೊಟ್ಟರೆ, ಅದು ಕಾಲೇಜು ಮೆಟ್ಟಿಲೇರುವವರೆಗೂ ನಡೆಸಬೇಕಾದ ಮಾತು ಇದು. ಅಂಗಡಿಗೆ ಹೋಗುವ ಮುನ್ನ ಹಿರಿಯರು ಇದನ್ನು ಯೋಚಿಸಬೇಕು. ತರುವುದಾದರೆ ಒಂದನ್ನಲ್ಲ, ಜೊತೆಯಲ್ಲಿ ಬೆಳೆದ ಎರಡು ಹೆಣ್ಣುಗಳನ್ನು ತಂದರೆ ನಾವು ಪಟ್ಟ ಪಾಡು ತಪ್ಪುತ್ತದೆ.

ಈಗ ಸಂಜೆ ನಮ್ಮ ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುವ ಸದ್ದಾದರೆ ಸಾಕು, ನಡುಮನೆಯಿಂದ “ವೀಕ್, ವೀಕ್” ಎಂದು ಎರಡು ಕಂಠಗಳು ಒಟ್ಟಿಗೆ ಕೂಗುತ್ತವೆ. ಕೊತ್ತಂಬರಿಯ ದಂಟನ್ನು ಎಸೆಯಬಾರದೆಂದು ಮನೆಯಲ್ಲಿ ಕಟ್ಟುನಿಟ್ಟಾದ ಆಜ್ಞೆಯಿದೆ. ಅದನ್ನು ಸಮವಾಗಿ ಎರಡು ಪಾಲು ಮಾಡಿ, ಎರಡು ಬಟ್ಟಲಿಗೆ ಹಾಕುವವರು ಅಜ್ಜಿಯವರು.